ಮುರಕಲ್ಲಿನ ಮನೆಗೆ ವೈಫೈ: ಮೂಲೆಮೂಲೆಗೆ ತಲಪಿಸುವುದು, ಭದ್ರವಾಗಿ ಇಟ್ಟುಕೊಳ್ಳುವುದು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಒಳದಾರಿಗಳಿಗೂ ಈಗ ಫೈಬರ್ ಬಂದಿದೆ. ಬಿ.ಎಸ್.ಎನ್.ಎಲ್. ಉಂಟು, ಊರಿನ ಕೇಬಲ್‌ನವರು ಉಂಟು, 2023ರ ಜೂನಿನಲ್ಲಿ ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಉಂಟು. ಲೈನ್ ಎಳೆಯಲು ಬಂದವರು ಚಾವಡಿಯ ಗೋಡೆಗೆ ಒಂದು ಪೆಟ್ಟಿಗೆ ಸಿಕ್ಕಿಸಿ, ನಿಮ್ಮ ಫೋನಿನಲ್ಲಿ ಒಂದು ವಿಡಿಯೋ ಓಡಿಸಿ ತೋರಿಸಿ, ಪಾಸ್‌ವರ್ಡ್ ಹೇಳಿ ಹೋಗುತ್ತಾರೆ. ಅವರ ಕೆಲಸ ಅಲ್ಲಿಗೆ ಮುಗಿಯಿತು. ಮನೆಯವರ ಪಾಲಿಗೆ ಇನ್ನೂ ಎರಡು ಕೆಲಸ ಬಾಕಿ ಇರುತ್ತದೆ. ಪೆಟ್ಟಿಗೆಯನ್ನು ಸರಿಯಾದ ಜಾಗಕ್ಕೆ ತರುವುದು ಒಂದು. ಅವರು ಇಟ್ಟು ಹೋದ ಪಾಸ್‌ವರ್ಡ್‌ಗಳನ್ನೂ ಸೆಟ್ಟಿಂಗ್‌ಗಳನ್ನೂ ಬದಲಿಸುವುದು ಇನ್ನೊಂದು. ಹೆಚ್ಚಿನ ಮನೆಗಳಲ್ಲಿ ಎರಡೂ ಆಗಿರುವುದಿಲ್ಲ. ಎರಡಕ್ಕೂ ಹಣ ಖರ್ಚಿಲ್ಲ, ಒಂದು ಮಧ್ಯಾಹ್ನದ ಬಿಡುವು ಸಾಕು.

ಪೆಟ್ಟಿಗೆಯೊಳಗೆ ಏನುಂಟು

ಎಲ್ಲರೂ ‘ಮೋಡೆಮ್’ ಎನ್ನುವ ಆ ಪೆಟ್ಟಿಗೆಯಲ್ಲಿ ನಾಲ್ಕು ಉಪಕರಣ ಸೇರಿಕೊಂಡಿವೆ. ಗಾಜಿನೆಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಒಎನ್‌ಟಿ. ಹೊರಗಿನಿಂದ ಸಿಕ್ಕಿದ ಒಂದೇ ವಿಳಾಸವನ್ನು ಮನೆಯ ಹತ್ತಾರು ಸಾಧನಗಳು ಹಂಚಿಕೊಳ್ಳುವಂತೆ ಮಾಡುವುದು ರೂಟರ್. ಹಿಂಬದಿಯಲ್ಲಿ ಲ್ಯಾನ್ ಕೇಬಲ್ ಚುಚ್ಚುವ ತೂತುಗಳದ್ದು ಸ್ವಿಚ್. ರೇಡಿಯೋ ತರಂಗ ಬಿಡುವುದು ಆಕ್ಸೆಸ್ ಪಾಯಿಂಟ್. ಕೆಲವು ಮನೆಗಳಲ್ಲಿ ಒಎನ್‌ಟಿ ಬೇರೆ, ರೂಟರ್ ಬೇರೆ ಇರುತ್ತದೆ.

‘ನೆಟ್ ಇಲ್ಲ’ ಎಂದು ಫೋನ್ ಮಾಡುವ ಮೊದಲು ಈ ನಾಲ್ಕರಲ್ಲಿ ಯಾವುದು ಕೆಟ್ಟಿದೆ ಎಂದು ನೋಡಬೇಕು. ಒಎನ್‌ಟಿಯ ಪಾನ್ (PON) ಎಂಬ ದೀಪ ಹಸಿರಾಗಿ ಅಲುಗದೆ ಉರಿಯಬೇಕು. ಲಾಸ್ (LOS) ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಮನೆಗೆ ತಲಪುತ್ತಿಲ್ಲ: ಎಲ್ಲೋ ಸೋಗೆ ಬಿದ್ದು ಕೇಬಲ್ ತುಂಡಾಗಿದೆ, ಅಳಿಲೋ ಇಲಿಯೋ ಕಡಿದಿದೆ, ಅಥವಾ ಪೆಟ್ಟಿಗೆಯ ಹಿಂದೆ ಕೇಬಲ್ ಚೂಪಾಗಿ ಮಡಚಿಕೊಂಡಿದೆ. ಗಾಜಿನೆಳೆಯನ್ನು ಬೆರಳಿಗೆ ಸುತ್ತಿದಷ್ಟು ಬಿಗಿಯಾಗಿ ಬಗ್ಗಿಸಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಉಳಿದ ಕೇಬಲನ್ನು ಸುತ್ತಿಡುವಾಗ ಸುರುಳಿ ಅನ್ನದ ತಟ್ಟೆಯಷ್ಟು ಅಗಲ ಇರಲಿ.

ದೀಪ ಹಸಿರಿದ್ದೂ ಆಗಾಗ ನಿಂತು ಹೋಗುತ್ತಿದ್ದರೆ ಒಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ (ತೆರೆಯುವ ಬಗೆ ಮುಂದೆ ‘ಈಗ ಭದ್ರತೆ’ ಭಾಗದಲ್ಲಿದೆ) ಆಪ್ಟಿಕಲ್ ಪವರ್ ಎಂಬಲ್ಲಿ ಆರ್‌ಎಕ್ಸ್ ಅಂಕಿ (ಒಳಗೆ ಬರುವ ಬೆಳಕಿನ ಶಕ್ತಿ) ನೋಡಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಸಂಕೇತದ ಶಕ್ತಿಯ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟು ಶಕ್ತಿ ಕಡಿಮೆ) ನಡುವೆ ಇದ್ದರೆ ಚಿಂತೆಯಿಲ್ಲ. ಮೈನಸ್ 27ರಿಂದಲೂ ಕೆಳಗೆ ಇಳಿದಿದ್ದರೆ ತಪ್ಪು ನಿಮ್ಮ ವೈಫೈಯದ್ದಲ್ಲ, ಲೈನಿನದ್ದು. ಕೇಬಲ್‌ನವರಿಗೆ ಈ ಅಂಕಿಯನ್ನೇ ಹೇಳಿ. ‘ಸ್ಲೋ ಆಗ್ತಾ ಉಂಟು’ ಎಂಬುದಕ್ಕಿಂತ ಬೇಗ ಜನ ಬರುತ್ತಾರೆ, ಏಕೆಂದರೆ ಈ ಅಂಕಿಗೆ ಅವರು ‘ರೀಸ್ಟಾರ್ಟ್ ಮಾಡಿ ನೋಡಿ’ ಎನ್ನಲು ಬರುವುದಿಲ್ಲ.

ಲೈನ್ ನಿಧಾನವೋ ವೈಫೈ ನಿಧಾನವೋ ಎಂದು ತಿಳಿಯಲು ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ನೇರ ಪೆಟ್ಟಿಗೆಗೆ ಜೋಡಿಸಿ ವೇಗ ಅಳೆಯಿರಿ. ಪ್ಲಾನಿನಲ್ಲಿ ಹೇಳಿದಷ್ಟು ವೇಗ ಅಲ್ಲಿ ಸಿಕ್ಕಿದರೆ ಲೈನ್ ಸರಿ ಇದೆ. ಮುಂದಿನ ಭಾಗ ನಿಮಗಾಗಿ.

ಎರಡು ಬ್ಯಾಂಡ್, ದಪ್ಪ ಗೋಡೆ

ಈಗಿನ ರೂಟರ್‌ಗಳು ಎರಡು ಬ್ಯಾಂಡಿನಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ವೇಗ ಕಡಿಮೆ. ಬ್ಲೂಟೂತ್, ಮೈಕ್ರೋವೇವ್ ಒಲೆ, ಪಕ್ಕದ ಮನೆಯ ವೈಫೈ ಎಲ್ಲ ಅದೇ ಜಾಗದಲ್ಲಿ ಗದ್ದಲ ಮಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗದ್ದಲ ಕಡಿಮೆ, ಆದರೆ ಗೋಡೆ ಅದನ್ನು ಬೇಗ ತಿಂದುಹಾಕುತ್ತದೆ.

ನಮ್ಮ ಕಡೆ ಗೋಡೆಯ ವಿಷಯ ಸಣ್ಣದಲ್ಲ. ಪಟ್ಟಣದ ಫ್ಲ್ಯಾಟಿನ ತೆಳು ಇಟ್ಟಿಗೆ ಗೋಡೆಗೂ ಹಳೆಯ ತರವಾಡು ಮನೆಯ ಮುರಕಲ್ಲಿನ ಗೋಡೆಗೂ ತುಂಬ ಅಂತರವಿದೆ. ಮುರಕಲ್ಲು ದಪ್ಪ, ತೂತುತೂತಾದ ಕಲ್ಲಾದ್ದರಿಂದ ನೀರನ್ನೂ ಹೀರಿಕೊಳ್ಳುತ್ತದೆ. ನೀರು ಈ ತರಂಗಗಳನ್ನು ಹೀರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಗಾರೆ ಮಾಡದ ಹೊರಗೋಡೆ ಆಟಿ ತಿಂಗಳಲ್ಲಿ ತೊಯ್ದು ನಿಂತಿರುವಾಗ, ಬೇಸಗೆಯಲ್ಲಿ ಹಿತ್ತಿಲ ಕೋಣೆಗೆ ಹೇಗೋ ತಲಪುತ್ತಿದ್ದ ಸಂಕೇತ ತಲಪದೇ ಹೋಗಬಹುದು. ಅದಕ್ಕಾಗಿ ಬೇಸಗೆಯಲ್ಲಿ ಅಳತೆ ಮಾಡಿ ‘ಸಾಕು’ ಎಂದು ನಿಲ್ಲಿಸಬೇಡಿ, ಸ್ವಲ್ಪ ಮಿಗುತೆ ಇಟ್ಟುಕೊಳ್ಳಿ.

ಪೆಟ್ಟಿಗೆ ಇಡುವ ಜಾಗ ಮನೆಯ ನಡುವೆ ಇರಲಿ, ನೆಲದಿಂದ ಐದಾರು ಅಡಿ ಎತ್ತರದಲ್ಲಿರಲಿ, ತೆರೆದಿರಲಿ. ಕೇಬಲ್ ಒಳಗೆ ಬರುವ ಕಿಟಕಿಯ ಪಕ್ಕದಲ್ಲೇ ಪೆಟ್ಟಿಗೆ ಇಡುವುದು ಲೈನ್ ಹಾಕುವವರಿಗೆ ಸುಲಭ; ನಿಮ್ಮ ಸಂಕೇತದ ಅರ್ಧಪಾಲು ಅಂಗಳಕ್ಕೂ ರಸ್ತೆಗೂ ಹೋಗುತ್ತದೆ. ಒಳಗೆ ಹತ್ತು ಮೀಟರ್ ಹೆಚ್ಚು ಫೈಬರ್ ಎಳೆಸಿ ನಡುಕೋಣೆಗೆ ತರಿಸಿ; ಲೈನ್ ಹಾಕುವ ದಿನವೇ ಕೇಳಿದರೆ ಮಾಡಿಕೊಡುತ್ತಾರೆ. ಟಿವಿಯ ಹಿಂದೆ, ಫ್ರಿಜ್ಜಿನ ಮೇಲೆ, ಕಬ್ಬಿಣದ ಕಪಾಟಿನ ಒಳಗೆ, ದೊಡ್ಡ ಕನ್ನಡಿಯ ಪಕ್ಕ ಇಡಬೇಡಿ. ಲೋಹ ತರಂಗವನ್ನು ವಾಪಸು ಎಸೆಯುತ್ತದೆ. ಟೆರೇಸಿನ ಮೇಲೆ ಅಡಿಕೆ ಒಣಗಿಸಲು ಹಾಕಿದ ತಗಡಿನ ಶೀಟಿನ ಆಚೆಗೆ ಸಂಕೇತ ಹೋಗುವುದಿಲ್ಲವೆಂದೇ ಲೆಕ್ಕ ಹಾಕಿ. ಒಂದೇ ಅಂತಸ್ತಿನ ಮನೆಯಾದರೆ ಆಂಟೆನಾ ಕೋಲುಗಳು ನೇರ ಮೇಲ್ಮುಖವಾಗಿರಲಿ: ಕೋಲಿನ ತುದಿಯ ದಿಕ್ಕಿಗೆ ಸಂಕೇತ ಕಡಿಮೆ, ಅದರ ಸುತ್ತಲೂ ಹೆಚ್ಚು. ಮಾಳಿಗೆ ಇದ್ದರೆ ಪೆಟ್ಟಿಗೆಯನ್ನು ಮೆಟ್ಟಿಲಿನ ತಿರುವಿನಲ್ಲಿಟ್ಟು ಒಂದು ಕೋಲನ್ನು ಅಡ್ಡ ಮಲಗಿಸಿ.

ಫೋನಿನ ಮೂಲೆಯಲ್ಲಿ ಕಾಣುವ ಗೆರೆಗಳನ್ನು ನಂಬಿ ಕೆಲಸ ಮಾಡಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಎಂಬ ಬಗೆಯ ಆ್ಯಪ್ ಹಾಕಿಕೊಂಡು ಮನೆಯ ಪ್ರತಿ ಕೋಣೆಯಲ್ಲೂ ನಿಂತು ಡಿಬಿಎಂ ಅಂಕಿ ಬರೆದುಕೊಳ್ಳಿ. ಮೈನಸ್ 50 ಅತ್ಯುತ್ತಮ. ಗಲ್ಫಿನಲ್ಲಿರುವ ಮಕ್ಕಳೊಂದಿಗೆ ವಿಡಿಯೋ ಕಾಲ್ ತುಂಡಾಗದೆ ಸಾಗಬೇಕಾದರೆ ಮೈನಸ್ 67ಕ್ಕಿಂತ ಕೆಳಗೆ ಇಳಿಯಬಾರದು. ಮೈನಸ್ 75ರಲ್ಲಿ ವಾಟ್ಸಾಪ್ ಸಂದೇಶ ಹೋದೀತು, ವಿಡಿಯೋ ನಿಂತು ನಿಂತು ಬರುತ್ತದೆ. ಮೈನಸ್ 80ರ ಆಚೆ ಇದ್ದೂ ಇಲ್ಲದ ಹಾಗೆ. ಮೂರು ಡಿಬಿ ಕಡಿಮೆಯಾದರೆ ಶಕ್ತಿ ಅರ್ಧಕ್ಕಿಳಿಯಿತು ಎಂದು ಅರ್ಥ, ಹಾಗಾಗಿ ಮೈನಸ್ 67ಕ್ಕೂ 70ಕ್ಕೂ ಇರುವ ವ್ಯತ್ಯಾಸ ಕಾಣುವಷ್ಟು ಸಣ್ಣದಲ್ಲ.

ಅದೇ ಆ್ಯಪ್‌ನಲ್ಲಿ ಅಕ್ಕಪಕ್ಕದವರ ವೈಫೈ ಯಾವ ಚಾನೆಲಿನಲ್ಲಿದೆ ಎಂದೂ ಕಾಣುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 1ರಿಂದ 13ರ ತನಕ ಚಾನೆಲ್‌ಗಳಿವೆ, ಆದರೆ ಒಂದರ ಮೇಲೊಂದು ಬೀಳದಿರುವುದು 1, 6, 11 ಮಾತ್ರ. ಕಾಸರಗೋಡು ಪೇಟೆಯಲ್ಲೋ ಉಪ್ಪಳದ ಫ್ಲ್ಯಾಟಿನಲ್ಲೋ ಇರುವವರು ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ‘ಖಾಲಿ ಕಾಣ್ತದೆ’ ಎಂದು 3 ಅಥವಾ 8 ಆರಿಸಿದರೆ ಎರಡೂ ಬದಿಯ ಗದ್ದಲ ನಿಮ್ಮ ಮೇಲೆ ಬೀಳುತ್ತದೆ. ತೋಟದ ನಡುವಿನ ಒಂಟಿ ಮನೆಗೆ ಈ ಚಿಂತೆಯೇ ಇಲ್ಲ.

ಪಂಪಿನ ಸ್ವಿಚ್, ಬಲ್ಬು, ಅಗ್ಗದ ಕ್ಯಾಮರಾ ಮೊದಲಾದವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮಾತ್ರ ಅರಿಯುತ್ತವೆ. ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದು ಫೋನ್ 5ರಲ್ಲಿದ್ದರೆ ಇವುಗಳ ಜೋಡಣೆ ಅರ್ಧದಲ್ಲಿ ನಿಲ್ಲುವುದುಂಟು. ಜೋಡಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಆಫ್ ಮಾಡಿಡಿ, ಆಮೇಲೆ ಹಾಕಿ.

ಒಂದು ಪೆಟ್ಟಿಗೆ ಸಾಲದಿದ್ದರೆ

ಉತ್ತಮ ದಾರಿ ಕೇಬಲ್. ದೂರದ ಕೋಣೆಗೆ ಕ್ಯಾಟ್ 6 ಕೇಬಲ್ ಎಳೆದು ಅದರ ತುದಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಟ್ಟು, ಅದೇ ಹೆಸರು ಅದೇ ಪಾಸ್‌ವರ್ಡ್ ಕೊಡಿ. ಹಳೆಯ ರೂಟರೊಂದು ಮನೆಯಲ್ಲಿದ್ದರೆ ಅದನ್ನೇ ಎಪಿ (ಆಕ್ಸೆಸ್ ಪಾಯಿಂಟ್) ಮೋಡಿಗೆ ಹಾಕಬಹುದು. ತಾಮ್ರದ ಲ್ಯಾನ್ ಕೇಬಲಿನ ಮಿತಿ 100 ಮೀಟರ್. ಕೊಳ್ಳುವಾಗ ಶುದ್ಧ ತಾಮ್ರವೇ ಎಂದು ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದಲ್ಲಿ ಮುರಿಯುತ್ತದೆ, ಕೇಬಲಿನಲ್ಲೇ ಕರೆಂಟು ಕಳುಹಿಸಿದರೆ ಬಿಸಿಯಾಗುತ್ತದೆ.

ಕೇಬಲ್ ಎಳೆಯಲು ದಾರಿಯಿಲ್ಲದಿದ್ದರೆ ಮೆಶ್, ಅಂದರೆ ಗಾಳಿಯಲ್ಲೇ ಒಂದಕ್ಕೊಂದು ಮಾತಾಡುವ ಎರಡು ಮೂರು ಪೆಟ್ಟಿಗೆಗಳ ಜೋಡಣೆ. ಅಗ್ಗದ ರಿಪೀಟರ್ ಕೊನೆಯ ಆಯ್ಕೆ: ಅದು ಕೇಳಿದ್ದನ್ನೇ ಅದೇ ಚಾನೆಲಿನಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಸಂಕೇತ ಇಲ್ಲದ ಕೋಣೆಯಲ್ಲೇ ರಿಪೀಟರ್ ಸಿಕ್ಕಿಸುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ಅದಕ್ಕೇ ಸರಿಯಾಗಿ ಕೇಳದು, ಇನ್ನು ಹೇಳುವುದೇನು? ಅಂಕಿ ಮೈನಸ್ 60ರಿಂದ 65 ಇರುವ, ನಡುದಾರಿಯ ಜಾಗದಲ್ಲಿಡಿ.

ಮನೆಯಿಂದ ತೋಟದ ಶೆಡ್ಡಿಗೆ

ಕೆರೆಯ ಬದಿಯ ಪಂಪ್ ಶೆಡ್ಡಿಗೆ, ರಸ್ತೆಬದಿಯ ಅಡಿಕೆ ಗೋದಾಮಿಗೆ ನೆಟ್ ಬೇಕು, ದೂರ 200 ಮೀಟರ್. ಮನೆಯ ರೂಟರ್ ಅಲ್ಲಿಗೆ ತಲಪದು, ತಾಮ್ರದ ಕೇಬಲೂ ತಲಪದು. ಉಳಿದದ್ದು ಎರಡು ದಾರಿ.

ಒಂದನೆಯದು 5 ಗಿಗಾಹರ್ಟ್ಸ್‌ನ ಹೊರಾಂಗಣ ಸಿಪಿಇ ಜೋಡಿ, ಅಂದರೆ ಒಂದೇ ದಿಕ್ಕಿಗೆ ಸಂಕೇತ ಬಿಡುವ ಎರಡು ರೇಡಿಯೋ ಪೆಟ್ಟಿಗೆ. ಈ ಬ್ಯಾಂಡ್ 2018ರಿಂದ ಭಾರತದಲ್ಲಿ ಹೊರಾಂಗಣಕ್ಕೂ ಲೈಸೆನ್ಸ್ ಬೇಡದ ಬ್ಯಾಂಡ್, ಶಕ್ತಿಯ ಮಿತಿ ಮಾತ್ರ ಉಂಟು. ಸಾಧನದಲ್ಲಿ ದೇಶ ಎಂಬಲ್ಲಿ ಇಂಡಿಯಾ ಆರಿಸಿದರೆ ಮಿತಿ ತಾನಾಗಿ ಬೀಳುತ್ತದೆ. ಒಂದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ, ಇನ್ನೊಂದನ್ನು ಸ್ಟೇಷನ್ ಮೋಡಿಗೆ ಹಾಕಿ ಒಂದರ ಮುಖ ಇನ್ನೊಂದಕ್ಕೆ ಮಾಡಬೇಕು. ಕಣ್ಣಿಗೆ ಆ ತುದಿ ಕಂಡರಷ್ಟೇ ಸಾಲದು. ತರಂಗ ಹೋಗುವ ದಾರಿ ಕದಿರಿನ ಹಾಗೆ, ತುದಿಗಳಲ್ಲಿ ಸಪುರ, ನಡುವೆ ಉಬ್ಬು. 5.8 ಗಿಗಾಹರ್ಟ್ಸ್‌ನಲ್ಲಿ 200 ಮೀಟರ್ ದೂರಕ್ಕೆ ಆ ಉಬ್ಬಿನ ತ್ರಿಜ್ಯ ನಡುದಾರಿಯಲ್ಲಿ ಸುಮಾರು 1.6 ಮೀಟರ್. ಅದರಲ್ಲಿ ಶೇಕಡಾ 60, ಅಂದರೆ ಒಂದು ಮೀಟರ್ ಸುತ್ತಲೂ ಖಾಲಿ ಇರಲೇಬೇಕು.

ಅಡಿಕೆ ತೋಟಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವ ಅಂತರ 2.7 ಮೀಟರಿಗೆ 2.7 ಮೀಟರ್. ಎರಡು ಸಾಲುಗಳ ನಟ್ಟನಡುವೆ, ಸಾಲಿನ ಉದ್ದಕ್ಕೇ ತರಂಗ ಬಿಟ್ಟರೆ ಎಡಬಲಕ್ಕೆ 1.35 ಮೀಟರ್ ಸಿಗುತ್ತದೆ. ಕಾಂಡದ ದಪ್ಪ, ಕಾಳುಮೆಣಸಿನ ಬಳ್ಳಿಯ ಉಬ್ಬು ಕಳೆದರೂ ಒಂದು ಮೀಟರ್ ಉಳಿಯುವ ಹಾಗೆ ಸಾಲನ್ನು ಆರಿಸಿ. ಸಾಲಿಗೆ ಅಡ್ಡಡ್ಡ ಬಿಟ್ಟರೆ ಪ್ರತಿ ಸಾಲೂ ತಡೆ. ಎತ್ತರ ಎಲೆಗಳಿಗಿಂತ ತುಂಬ ಕೆಳಗೆ, ನೆಲದಿಂದ ಮೂರ್ನಾಲ್ಕು ಮೀಟರಿನಲ್ಲಿರಲಿ. ನಡುಸಾಲಿನಲ್ಲಿ ಬಾಳೆಯೋ ಕೊಕ್ಕೋವೋ ಇದ್ದರೆ ಈ ದಾರಿ ಬಿಡಿ: ಬಾಳೆ ಎಲೆಯಲ್ಲಿರುವುದು ನೀರೇ, ಮಳೆ ಬಿದ್ದಾಗ ಸಂಕೇತ ಮಾಯವಾಗುತ್ತದೆ. ಜೋಡಿಸಿದ ಮೇಲೆ ಅಂಕಿ ಮೈನಸ್ 50ರಿಂದ 65ರ ನಡುವೆ ಇರಬೇಕು. ಗಾಳಿಮಳೆ ಇರುವಾಗ ಇನ್ನೊಮ್ಮೆ ನೋಡಿ.

ಈ ಸಾಧನಗಳಿಗೆ ಕರೆಂಟು ಹೋಗುವುದು ಲ್ಯಾನ್ ಕೇಬಲಿನಲ್ಲೇ. ಕೆಲವಕ್ಕೆ 24 ವೋಲ್ಟ್, ಕೆಲವಕ್ಕೆ 48. ಪೆಟ್ಟಿಗೆಯಲ್ಲಿ ಬಂದ ಇಂಜೆಕ್ಟರನ್ನು (ಕೇಬಲಿಗೆ ಕರೆಂಟು ಕೊಡುವ ಅಡಾಪ್ಟರ್) ಇನ್ನೊಂದು ಕಂಪನಿಯ ಸಾಧನಕ್ಕೆ ಹಾಕಿದರೆ ಸುಟ್ಟುಹೋಗಬಹುದು. ಈ ಲಿಂಕಿಗೂ ಪಾಸ್‌ವರ್ಡ್ ಇದೆ, ಇದರ ಸೆಟ್ಟಿಂಗ್ ಪುಟಕ್ಕೂ ಪಾಸ್‌ವರ್ಡ್ ಇದೆ. ತೋಟದಲ್ಲಿ ಯಾರು ಬರುತ್ತಾರೆ ಎಂದು ಎರಡನ್ನೂ ಹಾಗೇ ಬಿಡುವವರು ಹೆಚ್ಚು. ಮುಖ ಮಾಡಿದ ದಿಕ್ಕಿಗೆ ಆ ಸಂಕೇತ ಶೆಡ್ಡನ್ನೂ ದಾಟಿ ಬಹುದೂರ ಹೋಗುತ್ತದೆ ಎಂಬುದು ನೆನಪಿರಲಿ.

ಎರಡನೆಯ ದಾರಿ ಸ್ವಂತ ಫೈಬರ್. ಸಿಂಗಲ್ ಮೋಡ್ ಡ್ರಾಪ್ ಕೇಬಲ್, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ಲ್ಯಾನ್ ಸಂಕೇತವನ್ನೂ ಅದಲುಬದಲು ಮಾಡುವ ಪೆಟ್ಟಿಗೆ), ತುದಿ ಜೋಡಿಸಲು ಊರಿನ ಕೇಬಲ್‌ನವರ ಅರ್ಧ ಗಂಟೆಯ ಕೆಲಸ. ಮರದಿಂದ ಮರಕ್ಕೆ ನೇತುಹಾಕಿದರೆ ಸೋಗೆ ಬಿದ್ದು ಹರಿಯುತ್ತದೆ. ನೀರಾವರಿಯ ಪೈಪಿಗಾಗಿ ತೋಡಿದ ಕಣಿಯಲ್ಲೇ ಇನ್ನೊಂದು ಸಣ್ಣ ಪಿವಿಸಿ ಪೈಪಿನೊಳಗೆ ಹಾಕಿಬಿಡಿ. ಮಳೆ, ಎಲೆ ಯಾವುದೂ ಇದಕ್ಕೆ ತಾಗದು, ಗಾಜು ಸಿಡಿಲನ್ನೂ ಒಯ್ಯದು, ಗಾಳಿಯಲ್ಲಿ ಕದಿಯಲು ಸಂಕೇತವೂ ಇಲ್ಲ. ಬಹುಕಾಲಕ್ಕೆ ಬೇಕಾದ ಲಿಂಕಾದರೆ ಇದೇ ಮೇಲು.

ಸಿಡಿಲು, ಕರೆಂಟು

ಮೇ ತಿಂಗಳ ಮೊದಲ ಮಳೆಗಳಲ್ಲೂ ತುಲಾ ತಿಂಗಳ ಸಂಜೆಗಳಲ್ಲೂ ನಮ್ಮ ಕಡೆ ರೂಟರ್ ಸುಡುವುದು ಹೆಚ್ಚು. ಸಿಡಿಲು ಮನೆಗೆ ಬಡಿಯಬೇಕೆಂದಿಲ್ಲ. ದೂರದ ಕಂಬಕ್ಕೆ ಬಡಿದದ್ದು ಕರೆಂಟು ಲೈನಿನಲ್ಲಿ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ಬಿಡಿಸುವುದು ಒಂದು ತಂತಿಯನ್ನು ಮಾತ್ರ, ಅದರೊಳಗಿನ ಸಂದು ಕೆಲವೇ ಮಿಲಿಮೀಟರ್. ಅಡಾಪ್ಟರನ್ನು ಪ್ಲಗ್ಗಿನಿಂದ ಎಳೆದು ತೆಗೆಯಿರಿ, ಹೊರಗಿನಿಂದ ಬರುವ ಲ್ಯಾನ್ ಕೇಬಲಿದ್ದರೆ ಅದನ್ನೂ. ಫೈಬರಿನ ಗಾಜು ಕರೆಂಟು ಒಯ್ಯದು, ಆದರೆ ಅದರ ಜೊತೆ ಬಲಕ್ಕೆಂದು ಇರುವ ಉಕ್ಕಿನ ತಂತಿ ಒಯ್ಯುತ್ತದೆ; ಆ ತಂತಿಯನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಲೇಬೇಡಿ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡುವುದು ಅರ್ತಿಂಗ್ ಸರಿ ಇದ್ದರೆ ಮಾತ್ರ. ಮುರಕಲ್ಲಿನ ಗುಡ್ಡದಲ್ಲಿ ಬೇಸಗೆಯ ಒಣ ಮಣ್ಣು ಕರೆಂಟನ್ನು ಸುಲಭದಲ್ಲಿ ಬಿಡುವುದಿಲ್ಲ, ಅರ್ತ್ ಗುಂಡಿಗೆ ನೀರು ಹಾಕುತ್ತಿರಬೇಕು.

ಕರೆಂಟು ಹೋದಾಗಲೂ ನೆಟ್ ಬೇಕೆಂದರೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಪೆಟ್ಟಿಗೆಯ ಅಡಿಯಲ್ಲಿ ಬರೆದ ವೋಲ್ಟೇಜೂ ಪಿನ್ನಿನ ಪ್ಲಸ್ ಮೈನಸ್ಸೂ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು. 8,000 ಎಂಎಎಚ್ ಎಂದು ಬರೆದಿರುವುದು ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 30 ವಾಟ್-ಗಂಟೆ. 8 ವಾಟ್ ತಿನ್ನುವ ಪೆಟ್ಟಿಗೆಗೆ ಮೂರು ಗಂಟೆ ಬರುತ್ತದೆ. ಮನೆಗೆ ಬರುವ ಫೈಬರ್ ಜಾಲದಲ್ಲಿ ಹೆಚ್ಚಾಗಿ ದಾರಿಯುದ್ದಕ್ಕೂ ಕರೆಂಟು ಬೇಡದ ಸ್ಪ್ಲಿಟರ್‌ಗಳೇ ಇರುವುದರಿಂದ ಇಡೀ ಊರಿಗೆ ಕತ್ತಲಾದರೂ ನಿಮ್ಮ ನೆಟ್ ನಡೆಯಬಹುದು.

ಈಗ ಭದ್ರತೆ

ಗೋಡೆ ತರಂಗವನ್ನು ತಡೆಯುತ್ತದೆ ಎಂದೆವು. ಕಿಟಕಿ, ಅಂಗಳ, ಬೇಲಿ ತಡೆಯುವುದಿಲ್ಲ. ರಸ್ತೆಯಲ್ಲಿ ನಿಂತವನ ಫೋನಿಗೆ ನಿಮ್ಮ ವೈಫೈ ಕಾಣುತ್ತದೆ, ಅವನು ಒಳಗೆ ಬಂದರೆ ಹೊರಜಗತ್ತಿಗೆ ಕಾಣುವ ವಿಳಾಸ ನಿಮ್ಮದು. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟದ ಹೊಣೆ ಹೊತ್ತ ಈಮೇಲ್ ಹೋದದ್ದು ನವಿ ಮುಂಬೈಯ ಮನೆಯೊಂದರ ತೆರೆದ ವೈಫೈಯಿಂದ. ಪೊಲೀಸರು ಮೊದಲು ಬಂದದ್ದು ಆ ಮನೆಯವರ ಬಾಗಿಲಿಗೆ. ಡೇಟಾ ಖರ್ಚಾಗುವುದಕ್ಕಿಂತ ಇದು ದೊಡ್ಡ ಮಾತು.

ಸೆಟ್ಟಿಂಗ್ ಪುಟ ತೆರೆಯಲು ವೈಫೈಗೆ ಜೋಡಿಸಿದ ಫೋನಿನ ಬ್ರೌಸರಿನಲ್ಲಿ 192.168.1.1 ಎಂದು ಬರೆಯಿರಿ. ಬರದಿದ್ದರೆ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಎಂದು ತೋರಿಸುವ ಅಂಕಿಯನ್ನು ಬಳಸಿ. ಬ್ರೌಸರ್ ‘ಸುರಕ್ಷಿತವಲ್ಲ’ ಎನ್ನಬಹುದು. ಮನೆಯೊಳಗಿನ ಈ ಪುಟಕ್ಕೆ ಮಾತ್ರ ಅದು ಸಹಜ. ಹೆಸರು, ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿರುತ್ತದೆ.

ಮೊದಲು ಬದಲಿಸಬೇಕಾದದ್ದು ಈ ಪುಟದ ಪಾಸ್‌ವರ್ಡನ್ನು, ವೈಫೈಯದ್ದನ್ನಲ್ಲ. ಅಡ್ಮಿನ್, ಅಡ್ಮಿನ್ ಎಂದೇ ಉಳಿದಿದ್ದರೆ ಒಳಗೆ ಬಂದ ಯಾರೂ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಬದಲಿಸಬಹುದು. ಆಮೇಲೆ ನೀವು ಬರೆದ ವಿಳಾಸ ಸರಿಯಿದ್ದರೂ ತೆರೆಯುವ ಪುಟ ಅವನದ್ದಾಗುತ್ತದೆ. ಕೆಲವು ಒಎನ್‌ಟಿಗಳಲ್ಲಿ ಕಂಪನಿಯವರಿಗೆಂದು ಇನ್ನೊಂದು ದೊಡ್ಡ ಖಾತೆ ಇರುತ್ತದೆ. ಅದರ ಪಾಸ್‌ವರ್ಡ್ ಎಲ್ಲ ಮನೆಗೂ ಒಂದೇ ಆಗಿದೆಯೇ ಎಂದು ಕೇಳಿ, ಬದಲಿಸಲು ಒತ್ತಾಯಿಸಿ.

ಆಮೇಲೆ ವೈರ್‌ಲೆಸ್ ಸೆಕ್ಯುರಿಟಿ, ಅಂದರೆ ವೈಫೈಯ ಮಾತನ್ನು ಗೂಢಲಿಪಿಗೆ ಹಾಕುವ ಬಗೆ. ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ ಎಂಬುದಿದ್ದರೆ ಅದನ್ನು ಆರಿಸಿ. ಹಳೆಯ ಪ್ರಿಂಟರೋ ಕ್ಯಾಮರಾವೋ ಜೋಡಣೆಯಾಗದೆ ಹಟ ಹಿಡಿದರೆ ಡಬ್ಲ್ಯುಪಿಎ2, ಎಇಎಸ್. ಟಿಕಿಪ್ ಎಂಬ ಹಳೆಯ ಗೂಢಲಿಪಿ ಇರುವ ಯಾವುದನ್ನೂ ಆರಿಸಬೇಡಿ: ಭದ್ರತೆಯೂ ದುರ್ಬಲ, ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ವೆಪ್ ಎಂಬ ಹಳೆಯ ಬಗೆ 2001ರಲ್ಲೇ ಮುರಿದುಬಿದ್ದಿದೆ, ಅದನ್ನು ಮಾತ್ರ ಬಲ್ಲ ಸಾಧನ ಇನ್ನೂ ಇದ್ದರೆ ಬಿಸಾಡಿ.

ಪಾಸ್‌ವರ್ಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಫೋನ್ ಡಬ್ಲ್ಯುಪಿಎ2 ವೈಫೈಗೆ ಸೇರುವಾಗ ರೂಟರಿನೊಂದಿಗೆ ನಾಲ್ಕು ಮಾತು ಆಡುತ್ತದೆ. ಹೊರಗೆ ನಿಂತವನು ಆ ನಾಲ್ಕನ್ನು ರೆಕಾರ್ಡ್ ಮಾಡಿಕೊಂಡು ಮನೆಗೆ ಹೋಗಿ, ಕಂಪ್ಯೂಟರಿನಲ್ಲಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ಹೊಂದಿಸಿ ನೋಡಬಹುದು. ನಿಮ್ಮ ರೂಟರಿಗೆ ಅದು ಗೊತ್ತಾಗುವುದೂ ಇಲ್ಲ. ಈಗಿನ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡಬಲ್ಲದು. ಎಂಟಂಕಿಯ ಸಂಖ್ಯೆಗಳು ಒಟ್ಟು ಹತ್ತು ಕೋಟಿ, ಅಂದರೆ ನೂರು ಸೆಕೆಂಡು. ನಮ್ಮಲ್ಲಿ ಎಲ್ಲರೂ ಇಡುವ ಮೊಬೈಲ್ ನಂಬರ್? 6, 7, 8, 9ರಿಂದ ಶುರುವಾಗುವ ಹತ್ತಂಕಿಗಳು 400 ಕೋಟಿ. ಒಂದು ಗಂಟೆ ಏಳು ನಿಮಿಷ. ನಂಬರ್ ಅಂಗಡಿಯ ಬೋರ್ಡಿನಲ್ಲೇ ಇದ್ದರೆ ಅಷ್ಟೂ ಬೇಡ. ಮಗುವಿನ ಹೆಸರಿಗೆ 123 ಸೇರಿಸಿದ್ದು ಪಟ್ಟಿಯಲ್ಲಿ ಮೊದಲೇ ಇರುತ್ತದೆ.

ಹಾಗಾದರೆ ಏನು ಇಡಬೇಕು? ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ. ಪುಸ್ತಕವನ್ನು ಕಣ್ಣುಮುಚ್ಚಿ ಐದು ಕಡೆ ತೆರೆದು ಬೆರಳಿಟ್ಟಲ್ಲಿರುವ ಪದ ತೆಗೆಯಿರಿ: ನೇಗಿಲು, ಶುಕ್ರವಾರ, ಬೆಲ್ಲ, ಸೇತುವೆ, ಮೌನ ಎಂಬಂತೆ (ಇದನ್ನೇ ಇಡಬೇಡಿ). ನಿತ್ಯಬಳಕೆಯ ಎರಡು ಸಾವಿರ ಪದಗಳಿಂದ ನಾಲ್ಕು ಆರಿಸಿದರೆ ಮೇಲಿನ ವೇಗಕ್ಕೆ ಎಲ್ಲವನ್ನೂ ಊಹಿಸಿ ಮುಗಿಸಲು ಆರು ತಿಂಗಳು ಬೇಕು, ಐದಾದರೆ ಸಾವಿರ ವರ್ಷ. ಗಾದೆಯೋ ಪದ್ಯದ ಸಾಲೋ ಬೇಡ, ಅದು ಎಲ್ಲರಿಗೂ ಗೊತ್ತಿರುತ್ತದೆ. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು, ಇಂಗ್ಲಿಷ್ ಕೀಲಿಮಣೆಯ ಅಕ್ಷರಗಳೇ ಆಗಬೇಕು. ಕನ್ನಡ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ. ‘ಅಡಿಕೆ’ಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ, ಆದ್ದರಿಂದ ಬರೆದ ಬಗೆಯನ್ನೇ ಮನೆಯ ಡೈರಿಯಲ್ಲಿ ಬರೆದಿಡಿ. ಡೈರಿಯಲ್ಲಿ ಬರೆಯುವುದು ತಪ್ಪಲ್ಲ. ಹೊರಗಿನ ಕಳ್ಳ ನಿಮ್ಮ ಕಪಾಟಿಗೆ ಬರುವುದಿಲ್ಲ. ಡಬ್ಲ್ಯುಪಿಎ3ರಲ್ಲಿ ಹೀಗೆ ರೆಕಾರ್ಡ್ ಮಾಡಿ ಮನೆಯಲ್ಲಿ ಊಹಿಸುವುದು ಸಾಧ್ಯವಿಲ್ಲ. ಮಿಶ್ರ ಮೋಡಿನಲ್ಲಿ ಹಳೆಯ ಫೋನುಗಳು ಡಬ್ಲ್ಯುಪಿಎ2ರಲ್ಲೇ ಸೇರುವುದರಿಂದ ಪಾಸ್‌ವರ್ಡ್ ಗಟ್ಟಿ ಇರಲೇಬೇಕು.

ವೈಫೈಯ ಹೆಸರನ್ನೂ ಬದಲಿಸಿ. ಪಾಸ್‌ವರ್ಡಿನಿಂದ ಕೀಲಿ ತಯಾರಿಸುವಾಗ ಹೆಸರೂ ಲೆಕ್ಕಕ್ಕೆ ಸೇರುತ್ತದೆ. ಕಂಪನಿಯಿಂದ ಬಂದ ಸಾಮಾನ್ಯ ಹೆಸರುಗಳಿಗೆ ಮೊದಲೇ ಮಾಡಿಟ್ಟ ಪಟ್ಟಿಗಳುಂಟು. ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಮಿತಿ 32 ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಕಾಗುಣಿತದ ಗುರುತಿಗೂ 3 ಬೈಟ್ ಬೇಕು. ‘ಕಾಸರಗೋಡು’ 24 ಬೈಟ್ ಆಗುತ್ತದೆ, ಹಿಡಿಯುತ್ತದೆ. ಹಳೆಯ ಟಿವಿಗಳಲ್ಲಿ ಚೌಕಗಳಾಗಿ ಕಂಡರೂ ಜೋಡಣೆಗೆ ತೊಂದರೆಯಿಲ್ಲ.

ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಹಾಕಿ, ಪಾಸ್‌ವರ್ಡ್ ಇಲ್ಲದೆ ಸೇರುವ ಸೌಲಭ್ಯ) ಆಫ್ ಮಾಡಿಬಿಡಿ. ಅದರ ಪಿನ್ ಎಂಟಂಕಿಯದ್ದು ಎಂದು ಹೆಸರು ಮಾತ್ರ. ಕೊನೆಯ ಅಂಕಿ ಬರೀ ತಾಳೆ ನೋಡಲು, ಉಳಿದ ಏಳನ್ನು ರೂಟರ್ ನಾಲ್ಕು ಮತ್ತು ಮೂರಾಗಿ ಬಿಡಿಸಿ ಸರಿಯೇ ತಪ್ಪೇ ಎಂದು ಹೇಳುತ್ತದೆ. 10,000ಕ್ಕೆ 1,000 ಸೇರಿಸಿ 11,000 ಪ್ರಯತ್ನದಲ್ಲಿ ಮುಗಿಯಿತು. ಇದು 2011ರಲ್ಲೇ ಬಯಲಾಗಿದೆ. ಐದು ಪದದ ಪಾಸ್‌ವರ್ಡ್ ಇಟ್ಟು ಡಬ್ಲ್ಯುಪಿಎಸ್ ತೆರೆದಿಟ್ಟರೆ ಪಟ್ಟ ಶ್ರಮ ವ್ಯರ್ಥ.

ಹೊರಗಿನಿಂದಲೇ ಪೆಟ್ಟಿಗೆಯ ಸೆಟ್ಟಿಂಗ್ ಬದಲಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಹಾಗೂ ಟೆಲ್‌ನೆಟ್ ಹೊರಬದಿಗೆ ಮುಚ್ಚಿರಲಿ. ಯುಪಿಎನ್‌ಪಿ (ಹೊರಗಿನಿಂದ ಒಳಗೆ ಬರುವ ದಾರಿಯನ್ನು ಸಾಧನಗಳು ತಾವೇ ತೆರೆದುಕೊಳ್ಳುವ ಸೌಲಭ್ಯ) ಬೇಕಾದದ್ದು ಆನ್‌ಲೈನ್ ಆಟ ಆಡುವವರಿಗೆ, ಉಳಿದವರು ಆಫ್ ಮಾಡಬಹುದು. ಫರ್ಮ್‌ವೇರ್ ಅಪ್‌ಡೇಟ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರಿನದ್ದು) ಇದ್ದರೆ ಕರೆಂಟು ಗಟ್ಟಿಯಿರುವ ಹೊತ್ತಿನಲ್ಲಿ ಹಾಕಿ, ನಡುವೆ ಕರೆಂಟು ಹೋದರೆ ಪೆಟ್ಟಿಗೆ ಏಳದೇ ಹೋಗಬಹುದು. 2017ರಲ್ಲಿ ಡಬ್ಲ್ಯುಪಿಎ2ರಲ್ಲೇ ಕ್ರ್ಯಾಕ್ ಎಂಬ ದೋಷ ಸಿಕ್ಕಿದಾಗ ಅದನ್ನು ಸರಿಮಾಡಿದ್ದು ಅಪ್‌ಡೇಟುಗಳೇ.

ಹೆಸರನ್ನು ಅಡಗಿಸುವುದು, ಮ್ಯಾಕ್ ವಿಳಾಸದ (ಪ್ರತಿ ಸಾಧನದ ಗುರುತಿನ ಅಂಕಿ) ಪಟ್ಟಿ ಮಾಡಿ ಅವನ್ನು ಮಾತ್ರ ಬಿಡುವುದು ಭದ್ರತೆಯಲ್ಲ. ಅಡಗಿಸಿದ ಹೆಸರನ್ನು ನಿಮ್ಮ ಫೋನೇ ಹೋದಲ್ಲೆಲ್ಲ ಕೂಗಿ ಹುಡುಕುತ್ತದೆ. ಮ್ಯಾಕ್ ವಿಳಾಸ ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ, ಯಾರೂ ನಕಲು ಮಾಡಬಹುದು. ಆಂಡ್ರಾಯ್ಡ್ 10ರ ನಂತರದ ಫೋನುಗಳು ಪ್ರತಿ ವೈಫೈಗೂ ಬೇರೆ ಮ್ಯಾಕ್ ಬಳಸುವುದರಿಂದ ಪಟ್ಟಿ ಮಾಡಿದವರಿಗೇ ತೊಂದರೆ.

ನೆಂಟರು, ಕ್ಯಾಮರಾ, ಅಂಗಡಿ

ಮದುವೆ, ಕೋಲ, ತಂಬಿಲ ಎಂದು ಮನೆ ತುಂಬ ಜನ ಬಂದಾಗ ಪಾಸ್‌ವರ್ಡ್ ಕೊಡದೆ ಇರಲಾಗದು. ಅದಕ್ಕೇ ಗೆಸ್ಟ್ ನೆಟ್‌ವರ್ಕ್ ಇರುವುದು. ಅದನ್ನು ತೆರೆದು ಬೇರೆ ಪಾಸ್‌ವರ್ಡ್ ಕೊಟ್ಟು, ‘ಒಳಗಿನ ಸಾಧನ ಕಾಣಬಾರದು’ ಎಂಬ ಆಯ್ಕೆ ಹಾಕಿ, ಕ್ಯೂಆರ್ ಕೋಡ್ ಮುದ್ರಿಸಿ ಚಾವಡಿಯಲ್ಲಿ ಅಂಟಿಸಿ. ಸಮಾರಂಭ ಮುಗಿದ ಮೇಲೆ ಆಫ್ ಮಾಡಿ.

ಕ್ಯಾಮರಾಗಳನ್ನೂ ಸ್ಮಾರ್ಟ್ ಸ್ವಿಚ್‌ಗಳನ್ನೂ ಇಂಥದ್ದೇ, ಆದರೆ ನೆಂಟರಿಗೆ ಕೊಡದ, ಆಫ್ ಮಾಡದ ಇನ್ನೊಂದು ಗೆಸ್ಟ್ ಜಾಲದಲ್ಲಿ ಇಡುವುದು ಒಳ್ಳೆಯದು. ಮಕ್ಕಳು ಗಲ್ಫಿನಲ್ಲಿ, ಅಪ್ಪ ಅಮ್ಮ ಮಾತ್ರ ಮನೆಯಲ್ಲಿ, ನೋಡಿಕೊಳ್ಳಲು ಅಂಗಳಕ್ಕೆ ಎರಡು, ಒಳಗೆ ಒಂದು ಕ್ಯಾಮರಾ. ಈ ಜಿಲ್ಲೆಯಲ್ಲಿ ಇದು ಈಗ ಮನೆಮನೆಯ ಮಾತು. ಕ್ಯಾಮರಾದ ಹುಟ್ಟು ಪಾಸ್‌ವರ್ಡ್ ಬದಲಿಸದಿದ್ದರೆ ಅಪ್ಪ ಅಮ್ಮನನ್ನು ನೋಡುವವರು ಮಕ್ಕಳು ಮಾತ್ರ ಆಗಿರಬೇಕೆಂದಿಲ್ಲ. 2016ರಲ್ಲಿ ಮಿರಾಯ್ ಎಂಬ ಹುಳು ಹರಡಿದ್ದು ಇಂಥ ಬದಲಿಸದ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡೇ. ಪ್ರತಿಯೊಬ್ಬರಿಗೂ ಆ್ಯಪ್‌ನಲ್ಲಿ ಬೇರೆ ಖಾತೆಯಿಂದ ಶೇರ್ ಮಾಡಿ; ಮುಖ್ಯ ಪಾಸ್‌ವರ್ಡನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಹೊರಗಿನಿಂದ ನೋಡಲು ಪೋರ್ಟ್ (ಹೊರಗಿನಿಂದ ನೇರ ಒಳಗೆ ಬರುವ ದಾರಿ) ತೆರೆಯಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಅಂಗಡಿ, ಅಕ್ಷಯ ಕೇಂದ್ರ (ಸರಕಾರಿ ಆನ್‌ಲೈನ್ ಸೇವೆಯ ಕೇಂದ್ರ), ಸಹಕಾರಿ ಸಂಘಗಳಲ್ಲಿ ಗಿರಾಕಿಗೆ ಕೊಡುವ ವೈಫೈಯೂ ಜನರ ಆಧಾರ್, ಪಿಂಚಣಿ ಕಾಗದ ಇರುವ ಕಂಪ್ಯೂಟರಿನ ವೈಫೈಯೂ ಒಂದೇ ಆಗಿರಬಾರದು. ಕಂಪ್ಯೂಟರುಗಳಿಗೆ ಕೇಬಲ್, ಗಿರಾಕಿಗೆ ಗೆಸ್ಟ್. ಕೆಲಸ ಬಿಟ್ಟು ಹೋದವರಿದ್ದರೆ ಅದೇ ದಿನ ಪಾಸ್‌ವರ್ಡ್ ಬದಲಾಗಲಿ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರಿನಲ್ಲಿ ನಿಂತಿದೆ, ಅಂಥ ಯಂತ್ರ ಗಿರಾಕಿಗಳ ಜಾಲದಲ್ಲಿ ಇರಲೇಬಾರದು.

ರೈಲು ನಿಲ್ದಾಣ, ಆಸ್ಪತ್ರೆ, ಹೋಟೆಲಿನ ಉಚಿತ ವೈಫೈಯಲ್ಲಿ ಅದೇ ಹೆಸರಿನ ನಕಲಿ ಜಾಲ ಯಾರೂ ಹಾಕಬಹುದು. ಬ್ಯಾಂಕಿನ ಆ್ಯಪ್ ತಾನೇ ಗೂಢಲಿಪಿಯಲ್ಲಿ ಮಾತಾಡುವುದರಿಂದ ತಕ್ಷಣ ಅಪಾಯವಿಲ್ಲ. ಆದರೆ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ‘ಆದರೂ ಮುಂದುವರಿ’ ಒತ್ತದೆ ಮೊಬೈಲ್ ಡೇಟಾಕ್ಕೆ ಬದಲಿ. ಬಳಸಿದ ಮೇಲೆ ಆ ಹೆಸರನ್ನು ಫೋನಿನಿಂದ ಅಳಿಸಿ, ಇಲ್ಲವಾದರೆ ಮುಂದಿನ ಸಲ ಕೇಳದೆಯೇ ಸೇರುತ್ತದೆ.

ಯಾರೋ ಸೇರಿದ್ದಾರೆ ಎಂಬ ಅನುಮಾನ ಬಂದರೆ

ಸೆಟ್ಟಿಂಗ್ ಪುಟದಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿ ಇರುತ್ತದೆ. ಗುರುತು ಸಿಗದ ಹೆಸರು ಕಂಡ ಕೂಡಲೇ ನೆರೆಯವರನ್ನು ಸಂಶಯಿಸಬೇಡಿ. ಟಿವಿ, ಇನ್ವರ್ಟರ್, ನಿಮ್ಮದೇ ಫೋನಿನ ಬದಲಾದ ಮ್ಯಾಕ್ ಎಲ್ಲ ವಿಚಿತ್ರ ಹೆಸರಿನಲ್ಲಿ ಕಾಣುತ್ತವೆ. ಮನೆಯ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಪಟ್ಟಿ ಕಡಿಮೆಯಾಗುವುದನ್ನು ನೋಡಿ. ಎಲ್ಲ ಆಫ್ ಮಾಡಿದ ಮೇಲೂ ಉಳಿದದ್ದು ಹೊರಗಿನದ್ದು. ಆಗ ಅದೊಂದನ್ನು ತಡೆಯುವುದರಿಂದ ಪ್ರಯೋಜನವಿಲ್ಲ. ಕೇಬಲಿನಲ್ಲಿ ಜೋಡಿಸಿದ ಲ್ಯಾಪ್‌ಟಾಪಿನಿಂದ ಮೊದಲು ಪುಟದ ಪಾಸ್‌ವರ್ಡ್, ಆಮೇಲೆ ವೈಫೈ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಆಗಿದೆಯೇ ನೋಡಿ, ಡಿಎನ್‌ಎಸ್ ‘ಆಟೋ’ದಲ್ಲಿದೆಯೇ ನೋಡಿ, ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ಖಾಲಿ ಇದೆಯೇ ನೋಡಿ. ಏನೋ ಬದಲಾಗಿದೆ ಎನಿಸಿದರೆ ಪೂರ್ತಿ ರೀಸೆಟ್ ಮಾಡಬಹುದು, ಆದರೆ ಅದಕ್ಕೆ ಮೊದಲು ಕಂಪನಿಯ ಜಾಲಕ್ಕೆ ಸೇರಲು ಬೇಕಾದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಅಂಕಿ ಬರೆದಿಟ್ಟುಕೊಳ್ಳಿ. ರೀಸೆಟ್ ಒತ್ತಿದರೆ ಅವೂ ಅಳಿಸಿಹೋಗಿ, ಶನಿವಾರ ಸಂಜೆ ಒತ್ತಿದವರು ಸೋಮವಾರದವರೆಗೆ ಕಾಯಬೇಕಾಗುತ್ತದೆ.

ಹಳೆಯ ರೂಟರನ್ನು ಯಾರಿಗಾದರೂ ಕೊಡುವಾಗ, ಗುಜರಿಗೆ ಹಾಕುವಾಗ, ಕಂಪನಿಗೆ ವಾಪಸು ಮಾಡುವಾಗ ಮಾತ್ರ ಈ ರೀಸೆಟ್ ಕಡ್ಡಾಯ. ಹಿಂಬದಿಯ ಸಣ್ಣ ತೂತಿಗೆ ಪಿನ್ನು ಹಾಕಿ, ಕರೆಂಟು ಇರುವಾಗಲೇ, ದೀಪಗಳೆಲ್ಲ ಒಮ್ಮೆ ಮಿನುಗುವ ತನಕ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಆಮೇಲೆ ಆನ್ ಮಾಡಿ ನೋಡಿದಾಗ ನಿಮ್ಮ ವೈಫೈಯ ಹೆಸರು ಕಾಣದೆ ಚೀಟಿಯಲ್ಲಿದ್ದ ಹಳೆಯ ಹೆಸರು ಕಂಡರೆ ಅಳಿಸಿದೆ ಎಂದು ಅರ್ಥ.